ಕೈಗೆ ಚೊಗರು, ಟಿವಿಯಲ್ಲಿ ಏಲಕ್ಕಿ

ನೀವು ಕೇಳಿದ್ದು ಇಷ್ಟು: ದೊಡ್ಡ ಮ್ಯಾಚ್ ನಡೆಯುವಾಗ ಮಧ್ಯೆ ಬರುವ ಜಾಹೀರಾತುಗಳಲ್ಲಿ ನಿಮಗೆ ತುಂಬ ಹಿಡಿಸಿದ್ದು ಯಾವುದು, ನೋಡಿದರೆ ಮೈ ಉರಿಯುವುದು ಯಾವುದು?

ಇದಕ್ಕೆ ಉತ್ತರ ಕೊಡುವ ಅರ್ಹತೆ ನನಗೆ ಸ್ವಲ್ಪ ಜಾಸ್ತಿಯೇ ಇದೆ. ನಮ್ಮ ಮನೆ ಶಿರಸಿ ಹತ್ತಿರದ ಹಳ್ಳಿಯಲ್ಲಿ. ನವೆಂಬರಿನಲ್ಲಿ ಅಡಿಕೆ ಗೊನೆಯ ಕೊಯ್ಲು ಶುರುವಾಯಿತೆಂದರೆ ಜಗಲಿ ತುಂಬ ಹಸಿ ಅಡಿಕೆ. ರಾತ್ರಿವರೆಗೂ ಸುಲಿಯುವ ಕೆಲಸ. ಮೆಟ್ಟುಗತ್ತಿಯ ಮುಂದೆ ಕೂತವರ ಕೈಯೆಲ್ಲ ಅಡಿಕೆ ರಸದ ಚೊಗರು ಹತ್ತಿ ಕಪ್ಪು. ಆ ಕೈಯಲ್ಲಿ ರಿಮೋಟ್ ಮುಟ್ಟಿದರೆ ಆಯಿ, ಅಂದರೆ ಅಮ್ಮ, ಬೈಯುತ್ತಾಳೆ. ಹಾಗಾಗಿ ಓವರ್ ಮುಗಿದ ಕೂಡಲೇ ಚಾನೆಲ್ ಬದಲಿಸುವ ಸುಖ ನಮಗಿಲ್ಲ. ಬಂದ ಜಾಹೀರಾತನ್ನೆಲ್ಲ ಕೊನೆಯವರೆಗೆ ನೋಡಿದವರು ನಾವು. ನೋಡಿದವರು ಅನ್ನುವುದಕ್ಕಿಂತ ಕೇಳಿದವರು. ಕಣ್ಣು ಕತ್ತಿ ಬಿಟ್ಟು ಆಚೆ ಹೋದರೆ ಬೆರಳು ಕೊಯ್ಯುತ್ತದೆ. ತಲೆ ಎತ್ತಬೇಕು ಅನಿಸಿದರೆ ಆ ಜಾಹೀರಾತು ಗೆದ್ದಂತೆ. ನಮ್ಮ ಜಗಲಿಯ ಅಳತೆಗೋಲು ಅದು.

2023ರ ವಿಶ್ವಕಪ್ ಫೈನಲ್ ಮರೆತಿರಲಿಕ್ಕಿಲ್ಲ ನೀವು. ನವೆಂಬರ್ 19, ಭಾನುವಾರ, ಅಹಮದಾಬಾದ್. ಮೊಬೈಲಿನಲ್ಲೇ ಒಂದೇ ಹೊತ್ತಿಗೆ 5.9 ಕೋಟಿ ಜನ ನೋಡಿದರಂತೆ. ಆ ಲೆಕ್ಕದಲ್ಲಿ ನಾವಿಲ್ಲ. ನಮ್ಮಲ್ಲಿ ನೆಟ್‌ವರ್ಕ್ ಬೇಕೆಂದರೆ ಗುಡ್ಡ ಹತ್ತಬೇಕು. ಡಿಶ್ಶಿನ ವಯರ್ ಎಳೆದು ಟಿವಿಯನ್ನೇ ಜಗಲಿಗೆ ತಂದಿದ್ದೆವು. ಸುಲಿಯಲಿಕ್ಕೆ ಬಂದವರು ಆರೇಳು ಜನ, ಮನೆಯವರು ನಾಲ್ಕು ಜನ. ರೋಹಿತ್ 47 ಹೊಡೆದು ಹೋದ ಮೇಲೆ ನಮ್ಮವರ ಆಟ ಹೇಗಿತ್ತೆಂದರೆ, ಸುಮಾರು 16 ಓವರ್ ಒಂದೇ ಒಂದು ಫೋರ್ ಇಲ್ಲ. ರಾಹುಲ್ 107 ಚೆಂಡಿಗೆ 66. ಆ ಹೊತ್ತಿನಲ್ಲಿ ಆಟಕ್ಕಿಂತ ಜಾಹೀರಾತೇ ಚುರುಕಾಗಿತ್ತು ಅಂದರೆ ಸುಳ್ಳಲ್ಲ.

ಮೊದಲು ಹಿಡಿಸಿದ್ದನ್ನು ಹೇಳಿಬಿಡುತ್ತೇನೆ. ದ್ರಾವಿಡ್ ಅವರದು. 2021ರ ಐಪಿಎಲ್ ಹೊತ್ತಿಗೆ ಬಂದ ಕ್ರೆಡ್ ಆ್ಯಪಿನ ಜಾಹೀರಾತು. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಸಿಟ್ಟಿಗೆದ್ದು, ಬ್ಯಾಟಿನಿಂದ ಪಕ್ಕದ ಕಾರಿನ ಕನ್ನಡಿ ಒಡೆದು, ಕಾರಿನ ಮೇಲಿಂದ ತಲೆ ಹೊರಗೆ ಹಾಕಿ "ನಾನು ಇಂದಿರಾನಗರದ ಗೂಂಡಾ" ಅಂತ ಹಿಂದಿಯಲ್ಲಿ ಕೂಗುತ್ತಾರೆ. ನಮ್ಮ ಮನೆಯಲ್ಲಿ ಹಿಂದಿ ಬರುವುದು ನನಗೊಬ್ಬನಿಗೆ, ಅದೂ ಅಷ್ಟಕ್ಕಷ್ಟೆ. ಆದರೂ ಎಲ್ಲರೂ ತಲೆ ಎತ್ತಿದರು. ಹದಿನಾರು ವರ್ಷ ಟೆಸ್ಟ್ ಆಡಿದರೂ ಒಂದು ಕೆಟ್ಟ ಮಾತು ಬಾಯಿಂದ ಬಾರದ ಮನುಷ್ಯ. ಅವರ ಬಾಯಲ್ಲಿ ಅದನ್ನು ಕೇಳಿ ಆಯಿಗೆ ಒಂದು ವಾರ ಬೇಜಾರು. "ಅವನ ಹತ್ತಿರ ಹಿಂಗೆಲ್ಲ ಹೇಳಿಸೂದು ಎಂತಕ್ಕೆ?" ಅಂತ. ಆ ಆ್ಯಪ್ ಏನು ಮಾಡುತ್ತದೆ ಅಂತ ಮನೆಯಲ್ಲಿ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಜಾಹೀರಾತು ಗೆದ್ದಿತೋ ಸೋತಿತೋ ನೀವೇ ಹೇಳಿ. 2024ರ ಜೂನ್ 29ಕ್ಕೆ ಬಾರ್ಬಡೋಸಿನಲ್ಲಿ ನಮ್ಮವರು ಟಿ20 ವಿಶ್ವಕಪ್ ಫೈನಲನ್ನು 7 ರನ್ನಿನಿಂದ ಗೆದ್ದಾಗ, ಕೋಹ್ಲಿ ಕೈಗಿತ್ತ ಕಪ್ ಎತ್ತಿ ಕೋಚ್ ದ್ರಾವಿಡ್ ಅರಚಿದರಲ್ಲ, ಆವಾಗ ಮಾತ್ರ ಆಯಿ "ಗೂಂಡಾ ಬಂದ ನೋಡು" ಅಂತ ನಕ್ಕಳು.

ಎರಡನೆಯದು ವೊಡಾಫೋನಿನ ಝೂಝೂ. 2009ರ ಐಪಿಎಲ್. ಮೊಟ್ಟೆ ತಲೆಯ ಬಿಳಿ ಗೊಂಬೆಗಳು. ಐಪಿಎಲ್ ಬರುವುದು ಚಾಲಿ ಸುಲಿಯುವ ಸೀಸನ್ನಿನಲ್ಲಿ. ಒಣ ಅಡಿಕೆ, ಕೈ ಕಪ್ಪಾಗುವುದಿಲ್ಲ, ಧೂಳು ಮಾತ್ರ. ಅವು ಕಾರ್ಟೂನ್ ಅಂತಲೇ ನಾವು ತಿಳಿದಿದ್ದು. ನೋಡಿದರೆ ಒಳಗೆ ಇದ್ದವರು ಮನುಷ್ಯರು! ಬಟ್ಟೆ ತೊಡಿಸಿ, ದೊಡ್ಡ ತಲೆ ಕೂರಿಸಿ, ಪ್ರಕಾಶ್ ವರ್ಮಾ ಅವರು ಕೇಪ್‌ಟೌನಿನಲ್ಲಿ ಶೂಟ್ ಮಾಡಿದ್ದು. ಆ ವರ್ಷ ಚುನಾವಣೆಯ ಕಾರಣಕ್ಕೆ ಐಪಿಎಲ್ ಕೂಡ ದಕ್ಷಿಣ ಆಫ್ರಿಕಾಕ್ಕೇ ಹೋಗಿತ್ತಲ್ವಾ. ಅವಕ್ಕೆ ಭಾಷೆ ಇಲ್ಲ. ಹಾಗಾಗಿ ಡಬ್ಬಿಂಗ್ ಕಾಟವೂ ಇಲ್ಲ. ಈಗ ಕನ್ನಡ ಕಾಮೆಂಟರಿ ಬರುತ್ತದೆ, ಖುಷಿ. ಆದರೆ ಮಧ್ಯೆ ಬರುವ ಜಾಹೀರಾತಿನ ಕನ್ನಡ ಯಾವ ತಾಲ್ಲೂಕಿನದ್ದು ಅಂತ ಯಾರಾದರೂ ಹೇಳಿದರೆ ಉಪಕಾರವಾಗುತ್ತದೆ.

ಡೈರಿ ಮಿಲ್ಕ್ ಜಾಹೀರಾತನ್ನೂ ಬಿಡುವಂತಿಲ್ಲ. 90ರ ದಶಕದಲ್ಲಿ ಹುಡುಗ ಸಿಕ್ಸ್ ಹೊಡೆದರೆ ಹುಡುಗಿ ಮೈದಾನಕ್ಕೆ ನುಗ್ಗಿ ಕುಣಿಯುತ್ತಿದ್ದಳು. 2021ರಲ್ಲಿ ಅದೇ ಹಾಡು. ಆದರೆ ಈ ಸಲ ಸಿಕ್ಸ್ ಹೊಡೆದದ್ದು ಹುಡುಗಿ, ಕುಣಿದದ್ದು ಹುಡುಗ. ಹಾಡು ಶುರುವಾದ ಕೂಡಲೇ ಅಕ್ಕ ತಲೆ ಎತ್ತಿದಳು, ಕೊನೆಗೆ ಅವಳ ಮಗಳೂ ಎತ್ತಿದಳು.

"ಮೌಕಾ ಮೌಕಾ" ನನಗೆ ಮೊದಲು ಇಷ್ಟ, ಆಮೇಲೆ ಕಷ್ಟ. 2015ರಲ್ಲಿ ಆ ಪಾಕಿಸ್ತಾನದ ಅಭಿಮಾನಿ ವಿಶ್ವಕಪ್ಪಿನಲ್ಲಿ ಭಾರತವನ್ನು ಸೋಲಿಸುವ ದಿನಕ್ಕೆ 1992ರಿಂದ ಪಟಾಕಿ ಪೆಟ್ಟಿಗೆ ಇಟ್ಟುಕೊಂಡು ಕಾಯುವುದನ್ನು ನೋಡಿದರೆ ನಗು ಬರುತ್ತಿತ್ತು, ಪಾಪ ಅಂತಲೂ ಅನಿಸುತ್ತಿತ್ತು. ಆಮೇಲೆ ಪ್ರತಿ ಮ್ಯಾಚಿಗೂ ಒಂದೊಂದು ಮಾಡಿ ಎಳೆದರು. 2021ರ ಅಕ್ಟೋಬರ್ 24ಕ್ಕೆ ದುಬೈನಲ್ಲಿ ಪಾಕಿಸ್ತಾನ 10 ವಿಕೆಟ್ಟಿನಿಂದ ಗೆದ್ದಿತು. ಪಟಾಕಿ ಹಾರಿತು, ಜಾಹೀರಾತೂ ಹಾರಿಹೋಯಿತು.

ಇಲ್ಲೊಂದು ಮಾತು. ಅಮೆರಿಕದಲ್ಲಿ ಸೂಪರ್ ಬೌಲ್ ಅಂತ ಇದೆ. ಅಲ್ಲಿ ಜಾಹೀರಾತು ನೋಡಲಿಕ್ಕೇ ಕೂರುವವರಿದ್ದಾರೆ. ಯಾವುದು ಚೆನ್ನಾಗಿತ್ತು, ಯಾವುದು ಕೆಟ್ಟದಾಗಿತ್ತು ಅಂತ 1989ರಿಂದ ಒಂದು ಪತ್ರಿಕೆ ಜನರಿಂದ ಅಂಕ ಹಾಕಿಸುತ್ತಿದೆ. 2024ರಲ್ಲಿ 30 ಸೆಕೆಂಡಿಗೆ ಸುಮಾರು 70 ಲಕ್ಷ ಡಾಲರ್. ಅಷ್ಟು ಕೊಟ್ಟವರು ಆ ಒಂದು ರಾತ್ರಿಗೆಂದೇ ಹೊಸದು ಮಾಡಿಕೊಂಡು ಬರುತ್ತಾರೆ. ನಮ್ಮಲ್ಲಿ ಹಾಗಲ್ಲ. 2023ರ ವಿಶ್ವಕಪ್ 46 ದಿನ, 48 ಮ್ಯಾಚ್. ಒಂದು ಮ್ಯಾಚಿಗೆ 100ರವರೆಗೆ ಓವರ್. ಓವರಿಗೊಂದು ಸಂದು, ವಿಕೆಟ್ ಬಿದ್ದರೆ ಮತ್ತೊಂದು ಸಂದು, ಆ ಸಂದಿನಲ್ಲೆಲ್ಲ ಅದದೇ ನಾಲ್ಕೈದು ಮುಖ. ಕ್ರಿಕೆಟ್ ಜಾಹೀರಾತು ಒಳ್ಳೆಯದೋ ಕೆಟ್ಟದೋ ಅಂತ ಮೊದಲ ದಿನ ಗೊತ್ತಾಗುವುದಿಲ್ಲ. ಮುನ್ನೂರನೇ ಸಲ ಬಂದಾಗ ಗೊತ್ತಾಗುತ್ತದೆ.

ದುಡ್ಡು ಹಾಕಿ ಟೀಮ್ ಕಟ್ಟುವ ಆ್ಯಪ್‌ಗಳೂ ಹಾಗೆಯೇ ತಲೆ ತಿಂದವು. 2025ರ ಆಗಸ್ಟಿನಲ್ಲಿ ಕಾಯ್ದೆ ಬಂದು ದುಡ್ಡಿನ ಆಟ ನಿಂತಿತು. ಅದರ ಬಗ್ಗೆ ಇಷ್ಟು ಸಾಕು.

ನನಗೆ ನಿಜವಾಗಿ ಮೈ ಉರಿಯುವುದು ಏಲಕ್ಕಿ ಜಾಹೀರಾತು. ಅರಮನೆಯಂಥ ಮನೆ, ದೊಡ್ಡ ದೊಡ್ಡ ಹಿಂದಿ ನಟರು, ಬಾಯಿಗೊಂದು ಚಿಟಿಕೆ ಕೇಸರಿ ಏಲಕ್ಕಿ. ಆ ಫೈನಲ್ ದಿನವೂ ಬಂತು. ಸುಲಿಯುವವರಲ್ಲಿ ಹಿರಿಯ ಹೆಂಗಸೊಬ್ಬರು ಕತ್ತಿಯಿಂದ ಕಣ್ಣು ತೆಗೆಯದೆ ಅಪ್ಪನನ್ನು ಕೇಳಿದರು:

"ಹೆಗಡೇರೆ, ಏಲಕ್ಕಿ ಮಾರಲಿಕ್ಕೆ ಇಷ್ಟು ದೊಡ್ಡೋರು ಬೇಕಾಯ್ತಾ? ನಿಮ್ಮ ತೋಟದ್ದು ಸುಮ್ನೇ ಹೋಗ್ತದಲ್ಲ?"

ನಮ್ಮ ತೋಟದಲ್ಲೂ ಅಡಿಕೆ ಮರದ ನೆರಳಿಗೆ ಏಲಕ್ಕಿ ಹಿಂಡು ಇವೆ. ಕಟ್ಟೆ ರೋಗ ಬಂದು ಅರ್ಧ ಹೋಗಿವೆ. ಉಳಿದದ್ದರಲ್ಲಿ ಬಿಡುವ ಒಂದಿಷ್ಟು ಕಾಯಿಗೆ ಕಿಲೋಕ್ಕೆ ಸಾವಿರದ ಮೇಲೆ ರೇಟು. ಕೇಳಿಕೊಂಡು ಬರುವವರಿದ್ದಾರೆ, ಜಾಹೀರಾತು ಬೇಡ.

ಅಪ್ಪ ನಕ್ಕು ಹೇಳಿದ್ದು: "ಏಲಕ್ಕಿ ಹೆಸರಿಗೆ ಮಾತ್ರ ಮಾರಾಯ್ತಿ. ನಿಜ ಮಾರೂದು ನೀ ಸುಲೀತಾ ಇದ್ಯಲೆ, ಅದು."

ಅಪ್ಪ ಹೇಳಿದ್ದು ಸರಿ. 1996ರ ವಿಶ್ವಕಪ್ಪಿನ ಹೆಸರೇ ಸಿಗರೇಟಿನದು, ವಿಲ್ಸ್ ವರ್ಲ್ಡ್ ಕಪ್. 2003ರ ಕಾಯ್ದೆ ತಂಬಾಕಿನ ಜಾಹೀರಾತು ನಿಲ್ಲಿಸಿತು. 2013ರಲ್ಲಿ ಕರ್ನಾಟಕ ಗುಟ್ಕಾ ನಿಷೇಧ ಮಾಡಿತು. ಆಮೇಲೆ ಅಡಿಕೆಯ ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ. ತಿನ್ನುವವನು ಬೆರೆಸಿಕೊಳ್ಳುತ್ತಾನೆ. ಟಿವಿಗೆ ಮಾತ್ರ ಅದೇ ಹೆಸರಿನ ಏಲಕ್ಕಿ. ಅಕ್ಷಯ್ ಕುಮಾರ್ 2022ರ ಏಪ್ರಿಲಿನಲ್ಲಿ ಅಭಿಮಾನಿಗಳ ಕ್ಷಮೆ ಕೇಳಿ ಇಂಥದ್ದೊಂದರಿಂದ ಹಿಂದೆ ಸರಿದರು. 2023ರ ಅಕ್ಟೋಬರಿನಲ್ಲಿ ವಿಶ್ವಕಪ್ ಶುರುವಾದಾಗ ನೋಡಿದರೆ ಮತ್ತೆ ಅವರದೇ ಮುಖ! ಜನ ಬೈದರು. ಅದು 2021ರಲ್ಲೇ ಶೂಟ್ ಆದದ್ದು, ಮುಂದಿನ ತಿಂಗಳ ಕೊನೆವರೆಗೆ ತೋರಿಸಲು ಕಂಪನಿಗೆ ಹಕ್ಕಿದೆ ಅಂತ ಅವರು ಹೇಳಬೇಕಾಯಿತು.

ಇಷ್ಟೆಲ್ಲ ಬೈದೆ. ಆದರೆ ಬೈಯುವಾಗ ನನ್ನ ಕೈ ನೋಡಿಕೊಳ್ಳಬೇಕಲ್ಲ? ಹಸಿ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿದರೆ ಅದಕ್ಕೆ ರಾಶಿ ಅಡಿಕೆ ಅಂತ ಹೆಸರು. ಅಪ್ಪ ಅದನ್ನು ಒಯ್ದು ಹಾಕುವುದು ಶಿರಸಿಯಲ್ಲಿ, 1923ರಿಂದ ಇರುವ ತೋಟಗಾರರ ಸೊಸೈಟಿಗೆ. ಅಲ್ಲಿ ಟೆಂಡರ್ ಆಗಿ ಉತ್ತರದ ಲಾರಿ ಹತ್ತುತ್ತದೆ. ಲಾರಿ ಎಲ್ಲಿ ಇಳಿಯುತ್ತದೆ ಅಂತ ಶಿರಸಿಯಲ್ಲಿ ಯಾರೂ ಕೇಳುವುದಿಲ್ಲ, ಎಲ್ಲರಿಗೂ ಗೊತ್ತು. ಅಲ್ಲೆಲ್ಲೋ ಪಾನ್ ಮಸಾಲಾ ಫ್ಯಾಕ್ಟರಿಗೆ ಬಾಗಿಲು ಬಿತ್ತು ಅಂತ ಸುದ್ದಿ ಬಂದರೆ ನಮ್ಮ ಮನೆಯಲ್ಲಿ ಸಂಜೆಯ ಚಹಾಕ್ಕೆ ಮಾತೇ ಇರುವುದಿಲ್ಲ. ನಾನು ಓದಿದ್ದು, ಅಕ್ಕನ ಮದುವೆ, ಆ ಟಿವಿ, ಎಲ್ಲ ರಾಶಿಯ ದುಡ್ಡಿನಿಂದಲೇ. ನನಗೆ ಇಷ್ಟವಿಲ್ಲದ ಜಾಹೀರಾತು ನಮ್ಮ ಮನೆಯದೇ ಜಾಹೀರಾತು ಅಂತ ಆ ಸಂಜೆ ಗೊತ್ತಾಯಿತು. ಸಿಟ್ಟು ಅದರಿಂದ ಕಡಿಮೆಯಾಗಿಲ್ಲ. ಯಾರ ಮೇಲೆ ಮಾಡಬೇಕು ಅನ್ನುವುದು ಮಾತ್ರ ಸ್ವಲ್ಪ ಗೋಜಲು.

ಆ ರಾತ್ರಿ ಹೆಡ್ 137 ಹೊಡೆದ. ಆಸ್ಟ್ರೇಲಿಯಾ 43ನೇ ಓವರಿಗೇ ಮುಗಿಸಿಬಿಟ್ಟಿತು. ಯಾರೂ ಮಾತಾಡಲಿಲ್ಲ. ಕೊನೆಗೆ ಅಪ್ಪ, "ಏಳು ಓವರಿನ ಏಲಕ್ಕಿ ಉಳೀತು" ಅಂದ. ಸುಲಿಯಲಿಕ್ಕೆ ಇನ್ನೂ ಎರಡು ಬುಟ್ಟಿ ಇತ್ತು.