‘ಮನಸ್ಸು ಹೇಳಿತು, ಮಾಡಿದೆ’: ಒಳದನಿಯನ್ನು ಎಲ್ಲಿ ನಂಬಬೇಕು?

ಆಪ್ತಸಲಹೆಗೆಂದು ನನ್ನಲ್ಲಿಗೆ ಬಂದ ಒಬ್ಬರ ಪ್ರಕರಣ ಇದು; ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಇಂಥದೇ ತೊಂದರೆ ಹೊತ್ತು ಬರುವವರು ಚಿಕ್ಕಬಳ್ಳಾಪುರದ ಸುತ್ತಮುತ್ತ ಹೆಚ್ಚಾಗುತ್ತಿದ್ದಾರೆ, ಅದಕ್ಕೇ ಈ ಬರಹ. ‘ಈ ಕ್ಷಣದಲ್ಲಿ ಬದುಕು, ಒಳಮನಸ್ಸು ಹೇಳಿದಂತೆ ನಡೆ’ ಎಂಬ ಮಾತನ್ನು ಮೊಬೈಲಿನಲ್ಲೋ ಶಿಬಿರದಲ್ಲೋ ಕೇಳಿರುತ್ತಾರೆ. ಮೊದಲ ಕೆಲವು ತಿಂಗಳು ನಿಜಕ್ಕೂ ಹಗುರವಾಗುತ್ತಾರೆ. ಆಮೇಲೆ ಒಬ್ಬರು ಬಿ.ಪಿ. ಮಾತ್ರೆ ನಿಲ್ಲಿಸುತ್ತಾರೆ, ಇನ್ನೊಬ್ಬರು ಯಾರದೋ ಸಾಲಕ್ಕೆ ಜಾಮೀನು ಸಹಿ ಹಾಕುತ್ತಾರೆ. ಕೇಳಿದರೆ ಉತ್ತರ ಒಂದೇ: ಮನಸ್ಸಿಗೆ ಸರಿ ಅನ್ನಿಸಿತು.

ಈ ಪ್ರಕರಣದವರು ಶಿಡ್ಲಘಟ್ಟ ಕಡೆಯ ರೇಷ್ಮೆ ಬೆಳೆಗಾರರು. ವಯಸ್ಸು ನಲವತ್ತರ ಆಸುಪಾಸು, ಎರಡು ಎಕರೆ ಹಿಪ್ಪುನೇರಳೆ ತೋಟ, ಓದುವ ಇಬ್ಬರು ಮಕ್ಕಳು. ಮೊದಲು ಅತಿಯಾಗಿ ಚಿಂತೆ ಮಾಡುತ್ತಿದ್ದವರು. ರಾತ್ರಿ ಎದ್ದು ಹುಳು ಮನೆಗೆ ಹೋಗಿ ಬರುತ್ತಿದ್ದರು, ಗೂಡಿನ ರೇಟು ಬಿದ್ದರೆ ಊಟ ಬಿಡುತ್ತಿದ್ದರು. ಮೂರು ದಿನದ ಶಿಬಿರವೊಂದರ ನಂತರ ನಿದ್ದೆ ಸರಿಹೋಯಿತು. ಅಲ್ಲಿಗೆ ಒಳ್ಳೆಯದೇ ಆಗಿತ್ತು. ಆದರೆ ನಾಳೆಯ ಬಗ್ಗೆ ಮಾತಾಡುವುದನ್ನೇ ನಿಲ್ಲಿಸಿದರು. ಸೊಸೈಟಿಯ ಬೆಳೆ ಸಾಲದ ವಾಯಿದೆ ಮೀರಿತು, ಬಡ್ಡಿ ರಿಯಾಯಿತಿ ಹೋಯಿತು. ಹೆದ್ದಾರಿ ಪಕ್ಕದ ಬಡಾವಣೆಯಲ್ಲಿ ಒಂದು ಸೈಟಿಗೆ, ಹೆಂಡತಿಗೆ ತಿಳಿಸದೆ, ನಿಂತ ಕಾಲಲ್ಲೇ ಎರಡೂವರೆ ಲಕ್ಷ ಮುಂಗಡ ಕೊಟ್ಟರು. ಜಮೀನಿಗೆ ಭೂಪರಿವರ್ತನೆ ಆಗಿರಲಿಲ್ಲ ಎಂಬುದು ತಿಳಿದದ್ದು ಆಮೇಲೆ.

ಮೂರನೇ ಭೇಟಿಗೆ ಗಂಡ ಹೆಂಡತಿ ಇಬ್ಬರೂ ಬಂದಿದ್ದರು. ಗಂಡ ನೆಮ್ಮದಿಯಾಗಿಯೇ ಇದ್ದರು. “ಹೋದ ದುಡ್ಡಿನ ಬಗ್ಗೆ ಕೊರಗಿದ್ರೆ ಮತ್ತೆ ಹಳೇ ಕಾಯಿಲೆ ಮೇಡಂ. ನಾನು ಈ ಕ್ಷಣದಾಗಿದ್ದೀನಿ,” ಎಂದರು.

ಅಲ್ಲಿಯವರೆಗೆ ಸುಮ್ಮನಿದ್ದ ಅವರ ಹೆಂಡತಿ ಹೇಳಿದರು: “ಇವರು ಈ ಕ್ಷಣದಾಗೆ ಇರ್ತಾರೆ, ಸರಿ. ನಾಳೇದೆಲ್ಲ ನನ್ನ ತಲೆ ಮೇಲೆ ಬಂದೈತೆ. ಫೀಸು ನಾನೇ, ಸೊಸೈಟಿ ನಾನೇ, ಅತ್ತೆ ಔಷಧಿ ನಾನೇ. ನಾನೂ ಈ ಕ್ಷಣದಾಗೇ ಕೂತ್ಬಿಟ್ರೆ ಸಂಜೆ ಹುಳಕ್ಕೆ ಸೊಪ್ಪು ಯಾರು ಕುಯ್ತಾರೆ?”

ಇಂಥ ಎಷ್ಟೋ ಮನೆಗಳ ಸ್ಥಿತಿಯನ್ನು ಆಕೆ ಒಂದೇ ಉಸಿರಿಗೆ ಹೇಳಿಬಿಟ್ಟರು. ಆದರೆ ಗಂಡ ಅದನ್ನು ದೂರು ಎಂದು ಕೇಳಿಸಿಕೊಂಡು ಮುಖ ಬಿಗಿದರು. ವಾದಕ್ಕಿಳಿದರೆ ಅವರು ಶಿಬಿರದ ಮಾತುಗಳನ್ನೇ ಮತ್ತೆ ಒಪ್ಪಿಸುತ್ತಿದ್ದರು. ಹಾಗಾಗಿ ಅವರಿಗೆ ಚೆನ್ನಾಗಿ ಗೊತ್ತಿರುವ ವಿಷಯವನ್ನೇ ಕೇಳಿದೆ: ಹುಳು ಹಣ್ಣಾಯಿತೆಂದು, ಅಂದರೆ ಗೂಡು ಕಟ್ಟಲು ಸಿದ್ಧವಾಯಿತೆಂದು, ಹೇಗೆ ತಿಳಿಯುತ್ತದೆ?

ಮುಖ ಸಡಿಲವಾಯಿತು. “ಸೊಪ್ಪು ಹಾಕಿದ್ರೂ ಮುಟ್ಟಲ್ಲ. ಮೈ ತಿಳಿಯಾಗ್ತೈತೆ, ಬೆಳಕಿಗೆ ಹಿಡಿದ್ರೆ ಕಾಣ್ತೈತೆ. ತಲೆ ಎತ್ಕೊಂಡು ಅತ್ತಿತ್ತ ಆಡಿಸ್ತೈತೆ. ಹಿಕ್ಕೆ ಮೆತ್ತಗಾಗ್ತೈತೆ. ಆದ್ರೆ ನಾನು ಅದನ್ನೆಲ್ಲ ಒಂದೊಂದೇ ನೋಡಲ್ಲ ಮೇಡಂ. ಬಾಗಿಲು ತೆಗೀತಿದ್ದಂಗೆ ಗೊತ್ತಾಗ್ಬಿಡ್ತೈತೆ, ಇವತ್ತು ಸಂಜೆ ಚಂದ್ರಂಕಿಗೆ ಬಿಡ್ಬೇಕು ಅಂತ.” ಚಂದ್ರಂಕಿ ಎಂದರೆ ಹುಳು ಗೂಡು ಕಟ್ಟುವ ತಟ್ಟೆ.

ತಪ್ಪಿದರೆ?

“ಎಳೇದು ಬಿಟ್ರೆ ಗೂಡು ತೆಳ್ಳಗೆ. ತಡ ಮಾಡಿದ್ರೆ ಸೊಪ್ಪಿನ ಮೇಲೇ ನೂಲು ಬಿಟ್ಟು ಹಾಳು. ಐದಾರು ದಿನಕ್ಕೆ ಗೂಡು ಬಿಡಿಸಿದಾಗ ಗೊತ್ತಾಗೋಯ್ತದೆ. ಇಲ್ಲಾಂದ್ರೆ ಮಾರ್ಕೆಟ್‌ನಾಗೆ ಗೂಡು ಕೊಂಡು ನೂಲು ತೆಗೆಯೋ ರೀಲರ್ ರೇಟಲ್ಲೇ ಹೇಳ್ತಾನೆ.”

ವರ್ಷಕ್ಕೆ ಎಷ್ಟು ಬೆಳೆ? ಏಳೆಂಟು. ಎಷ್ಟು ವರ್ಷದಿಂದ? ಹದಿನೆಂಟು. ಅಂದರೆ ನೂರಕ್ಕೂ ಹೆಚ್ಚು ಸಲ ಊಹಿಸಿ, ಪ್ರತಿಸಲವೂ ವಾರದೊಳಗೆ ಸರಿ ತಪ್ಪು ತಿಳಿದುಕೊಂಡಿದ್ದಾರೆ.

“ಸೈಟು ಇದುವರೆಗೆ ಎಷ್ಟು ತಗೊಂಡಿದ್ದೀರಿ?”

ಅವರು ತುಂಬ ಹೊತ್ತು ಮಾತಾಡಲಿಲ್ಲ. ಕೊನೆಗೆ, “ಇದೇ ಮೊದಲ್ನೇದು,” ಎಂದರು. ಸ್ವಲ್ಪ ತಡೆದು, “ಎರಡೂ ಒಳಗಿಂದ ಬಂದಂಗೇ ಇರ್ತವೆ ಮೇಡಂ. ಒಂದೇ ಥರ,” ಎಂದು ಸೇರಿಸಿದರು.

ಅವರು ಹೇಳಿದ್ದು ಪೂರ್ತಿ ನಿಜ. ಪಳಗಿದ ಕಣ್ಣಿನಿಂದ ಬಂದ ಅನ್ನಿಸಿಕೆಗೂ ಆಸೆಯಿಂದ ಬಂದ ಅನ್ನಿಸಿಕೆಗೂ ಒಳಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಎರಡಕ್ಕೂ ಒಂದೇ ಧೈರ್ಯ, ಒಂದೇ ನಿಶ್ಚಯ. ಒಳದನಿಯ ಬಗ್ಗೆ ಎದುರುಬದುರು ನಿಲುವಿದ್ದ ಇಬ್ಬರು ಮನಶ್ಶಾಸ್ತ್ರಜ್ಞರು, ಡೇನಿಯಲ್ ಕಾನ್‌ಮನ್ ಮತ್ತು ಗ್ಯಾರಿ ಕ್ಲೈನ್, 2009ರಲ್ಲಿ ಒಟ್ಟಿಗೆ ಬರೆದು ಒಪ್ಪಿದ್ದೂ ಇದನ್ನೇ. ಒಳದನಿ ನಂಬಲರ್ಹವಾಗಲು ಎರಡು ಷರತ್ತು ಬೇಕು. ಆ ಕೆಲಸದಲ್ಲಿ ಮತ್ತೆ ಮತ್ತೆ ಕಾಣಿಸುವ ನಿಯಮವಿರಬೇಕು. ಸರಿ ತಪ್ಪು ತಿಳಿಯುತ್ತ ಅದನ್ನು ಕಲಿಯುವ ಅವಕಾಶ ಸಾಕಷ್ಟು ಸಿಕ್ಕಿರಬೇಕು. ‘ನನಗೆ ಖಚಿತವಾಗಿ ಅನ್ನಿಸಿತು’ ಎಂಬುದು ಪುರಾವೆಯಾಗುವುದಿಲ್ಲ. ಹುಳು ಮನೆಯಲ್ಲಿ ಎರಡೂ ಷರತ್ತು ತುಂಬಿವೆ. ಸೈಟಿನಲ್ಲಿ ಒಂದೂ ಇಲ್ಲ. ಬಿ.ಪಿ. ವಿಷಯದಲ್ಲಿ ಇನ್ನೂ ಅಪಾಯ: ರಕ್ತದೊತ್ತಡ ಏರಿದರೂ ಬಹುಮಂದಿಗೆ ಯಾವ ಲಕ್ಷಣವೂ ಕಾಣುವುದಿಲ್ಲ. ದೇಹ ಏನೂ ಹೇಳದಿರುವುದನ್ನೇ ‘ದೇಹ ಚೆನ್ನಾಗಿದೀನಿ ಅಂತು’ ಎಂದು ಓದಿಕೊಳ್ಳುತ್ತಾರೆ.

ಆ ದಿನ ಕೊಟ್ಟ ಸಲಹೆಯನ್ನು ವಿವರವಾಗಿ ಬರೆಯುತ್ತೇನೆ, ಬೇರೆಯವರಿಗೂ ಬೇಕಾಗುತ್ತದೆ.

ಮೊದಲನೆಯದು ಜೇಬಿಗೆ ಹಿಡಿಸುವ ಒಂದು ನೋಟ್‌ಬುಕ್. ಬಲವಾಗಿ ಏನಾದರೂ ಅನ್ನಿಸಿದ ತಕ್ಷಣ, ಫಲ ಗೊತ್ತಾಗುವ ಮೊದಲೇ, ತಾರೀಖು ಹಾಕಿ ಒಂದು ಸಾಲು: ಏನು ಅನ್ನಿಸಿತು, ಹತ್ತಕ್ಕೆ ಎಷ್ಟು ನಂಬಿಕೆ, ನಿಜವೋ ಸುಳ್ಳೋ ಎಂದು ಯಾವಾಗ ತಿಳಿಯುತ್ತದೆ. ಆ ದಿನ ಬಂದಾಗ ಪಕ್ಕದಲ್ಲಿ ಫಲ. ಮೂರು ತಿಂಗಳಾದ ಮೇಲೆ ವಿಷಯವಾರು ಬೇರೆ ಮಾಡಿ ನೋಡಬೇಕು: ಹುಳು, ಮಳೆ, ಜನ, ದುಡ್ಡು, ಆರೋಗ್ಯ. ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಫಲ ಗೊತ್ತಾದ ಮೇಲೆ ‘ನನಗೆ ಮೊದಲೇ ಅನ್ನಿಸಿತ್ತು’ ಎಂದು ಬರೆಯುತ್ತಾರೆ. ಹಾಗೆ ಬರೆದ ಸಾಲನ್ನು ಹೊಡೆದುಹಾಕಿಸುತ್ತೇನೆ; ನೆನಪು ಗೆದ್ದದ್ದನ್ನು ಇಟ್ಟುಕೊಂಡು ಸೋತದ್ದನ್ನು ಬಿಡುತ್ತದೆ.

ಎರಡನೆಯದು, ಆತಂಕವನ್ನೂ ಒಳದನಿಯನ್ನೂ ಬೇರೆ ಮಾಡುವುದು. ಪೂರ್ತಿ ಗ್ಯಾರಂಟಿ ಇಲ್ಲ, ಆದರೂ ಗಮನಿಸಿದರೆ ಉಪಯೋಗವಿದೆ. ಆತಂಕ ಅದೇ ಮಾತನ್ನು ಸುತ್ತಿ ಸುತ್ತಿ ಹೇಳುತ್ತದೆ, ‘ಹಾಗಾದರೆ? ಹೀಗಾದರೆ?’ ಎಂದು ಕೇಳುತ್ತದೆ, ಈಗಲೇ ಏನಾದರೂ ಮಾಡು ಎಂದು ದೂಡುತ್ತದೆ. ಪಳಗಿದ ಅನ್ನಿಸಿಕೆ ಚಿಕ್ಕದು, ಕಣ್ಣೆದುರಿನ ಒಂದು ವಸ್ತುವನ್ನು ತೋರಿಸಿ ಸುಮ್ಮನಾಗುತ್ತದೆ. ಆಸೆ ಮೂರನೆಯ ಬಗೆ. ‘ಇವತ್ತು ಬಿಟ್ಟರೆ ಸಿಗಲ್ಲ’ ಎಂದು ಎದುರಿನವರು ಹೇಳಿದ ಮಾತೇ ನಮ್ಮ ದನಿಯಲ್ಲಿ ಕೇಳಿಸುತ್ತಿರುತ್ತದೆ.

ಇದು ತಿಳಿಯದಿದ್ದರೂ ನಷ್ಟವಾಗದಿರಲು ಒಂದು ಬೇಲಿ ಹಾಕಿಸಿದೆ. ಸಹಿ, ಐದು ಸಾವಿರ ದಾಟಿದ ದುಡ್ಡು, ಔಷಧಿ, ಮಕ್ಕಳ ಓದು: ಈ ನಾಲ್ಕರಲ್ಲಿ ಮನಸ್ಸು ಏನೇ ಹೇಳಲಿ, ಒಂದು ರಾತ್ರಿ ಕಳೆಯಬೇಕು, ಹೆಂಡತಿಗೆ ಹೇಳಬೇಕು. ಔಷಧಿಯಾದರೆ ಡಾಕ್ಟರನ್ನು ಕೇಳದೆ ಕೈ ಹಾಕುವಂತಿಲ್ಲ. ಸೈಟಾದರೆ ಋಣಭಾರ ಪತ್ರ, ಭೂಪರಿವರ್ತನೆ ಆದೇಶ, ಬಡಾವಣೆ ಮಂಜೂರಾತಿ, ಇ-ಖಾತೆ ನೋಡಿದ ಮೇಲಷ್ಟೇ ಮುಂಗಡದ ಮಾತು. ಉಳಿದೆಲ್ಲ ಕಡೆ ಅನ್ನಿಸಿದಂತೆ ನಡೆಯಲು ಅವರು ಸ್ವತಂತ್ರರು.

ಮೂರನೆಯದನ್ನು ಹೆಂಡತಿಯ ಮಾತಿನಿಂದಲೇ ತೆಗೆದುಕೊಂಡೆ. ಪ್ರತಿ ಭಾನುವಾರ ಅರ್ಧ ಗಂಟೆ ಇಬ್ಬರೂ ಕ್ಯಾಲೆಂಡರ್ ಮುಂದೆ ಕೂರಬೇಕು: ಸಾಲದ ವಾಯಿದೆ, ಫೀಸು, ತೋಟದ ಗೊಬ್ಬರ, ಮುಂದಿನ ಬೆಳೆಗೆ ಚಾಕಿ ಹುಳುವಿನ (ಎಳೆಯ ಹುಳು) ಅಡ್ವಾನ್ಸು, ಚಂದ್ರಂಕಿ ಬಾಡಿಗೆ. ಪ್ರತಿಯೊಂದರ ಎದುರು ಯಾರು, ಯಾವತ್ತು ಎಂದು ಬರೆಯಬೇಕು. ವಾರದ ಮಧ್ಯೆ ಚಿಂತೆ ಬಂದರೆ ‘ಭಾನುವಾರ’ ಎಂದು ಗುರುತು ಹಾಕಿ ಕೈಯಲ್ಲಿರುವ ಕೆಲಸಕ್ಕೆ ಮರಳುವುದು. ಚಿಂತೆಗೆ ದಿನಕ್ಕೆ ಅರ್ಧ ಗಂಟೆಯ ನಿಗದಿತ ಹೊತ್ತು ಕೊಡುವ ವಿಧಾನವನ್ನು ಥಾಮಸ್ ಬೊರ್ಕೊವೆಕ್ ತಂಡ 1983ರಲ್ಲೇ ಪ್ರಯೋಗಿಸಿತ್ತು. ಇವರ ಮನೆಗೆ ಹೊಂದುವಂತೆ ಅದನ್ನು ವಾರಕ್ಕೊಂದು ಮಾಡಿದೆ. ನಾಳೆಗೆ ಒಂದು ಜಾಗ ಇದೆ ಎಂದು ಗೊತ್ತಾದರೆ ಮನಸ್ಸು ಅದನ್ನು ದಿನವಿಡೀ ಎಳೆದು ತರುವುದು ಕಡಿಮೆಯಾಗುತ್ತದೆ.

ನಾನು ಅಧ್ಯಾತ್ಮಕ್ಕೆ ವಿರೋಧ ಎಂದು ಕೆಲವರು ಹೇಳುವುದುಂಟು. ಒಪ್ಪುವುದಿಲ್ಲ. ಈ ಕ್ಷಣದಲ್ಲಿರುವ ಅಭ್ಯಾಸವನ್ನು ನಾನೇ ಕಲಿಸುತ್ತೇನೆ. ಈ ಬೆಳೆಗಾರರಿಗೂ ಹೇಳಿದ್ದೆ: ಬೆಳಗಿನ ಸೊಪ್ಪು ಹಾಕುವಾಗ ಹತ್ತು ನಿಮಿಷ ಫೋನು ಹೊರಗಿಡಿ, ಹುಳು ಸೊಪ್ಪು ತಿನ್ನುವ ಸದ್ದು, ಎಲೆಯ ತಂಪು, ಕೈಯ ಚಲನೆ, ಇಷ್ಟರಲ್ಲೇ ಇರಿ, ಮನಸ್ಸು ಹೋದರೆ ಬೈಯದೆ ಕರೆತನ್ನಿ. ಅವರ ಹುಳು ಮನೆಯ ಕಣ್ಣು ಪಳಗಿದ್ದೇ ಹೀಗೆ ನೋಡಿ ನೋಡಿ. ನಾನು ವಿರೋಧಿಸುವುದು ವರ್ತಮಾನದ ಹೆಸರಿನಲ್ಲಿ ನಡೆಯುವ ತಪ್ಪಿಸಿಕೊಳ್ಳುವಿಕೆಯನ್ನು. ಸೊಸೈಟಿಯ ಕಾಗದವನ್ನು ಪಕ್ಕಕ್ಕಿಟ್ಟಾಗ ತಕ್ಷಣ ಹಾಯೆನಿಸುತ್ತದೆ. ಆ ಹಾಯೇ ಮುಂದಿನ ಸಲವೂ ಪಕ್ಕಕ್ಕಿಡಲು ಕಲಿಸುತ್ತದೆ, ಭಾರ ಮಾತ್ರ ಮನೆಯಲ್ಲಿ ಇನ್ನೊಬ್ಬರ ಹೆಗಲಿಗೆ ಹೋಗುತ್ತದೆ. ಬಹುತೇಕ ಅದು ಹೆಂಗಸಿನ ಹೆಗಲು.

ಮನೆಯವರು ಗಮನಿಸಬೇಕಾದ ಇನ್ನೊಂದು ವಿಷಯವಿದೆ. ‘ಒಳದನಿ’ ಹಠಾತ್ತನೆ ಜೋರಾಗಿ, ಮೂರ್ನಾಲ್ಕು ಗಂಟೆ ಮಾತ್ರ ಮಲಗಿದರೂ ಆಯಾಸವಿಲ್ಲ, ಮಾತು ಓಡುತ್ತದೆ, ಖರ್ಚು ಹಿಡಿತ ತಪ್ಪಿದೆ ಎಂಬ ಸ್ಥಿತಿ ಸತತ ನಾಲ್ಕು ದಿನ ಕಂಡರೆ ಅದು ತತ್ತ್ವದ ಪ್ರಶ್ನೆಯಲ್ಲ, ಉನ್ಮಾದ (ಮೇನಿಯಾ) ಎಂಬ ಮಾನಸಿಕ ಕಾಯಿಲೆಯ ಲಕ್ಷಣವಿರಬಹುದು. ಆಪ್ತಸಲಹೆಗೆ ಕಾಯದೆ ಮನೋವೈದ್ಯರಿಗೆ ತೋರಿಸಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ಇವರಲ್ಲಿ ಅಂಥದ್ದಿರಲಿಲ್ಲ, ಮೊದಲ ಭೇಟಿಯಲ್ಲೇ ಕೇಳಿ ನೋಡಿದ್ದೆ.

ನೋಟ್‌ಬುಕ್ಕಿನಲ್ಲಿ ಹುಳುವಿನ ಸಾಲುಗಳು ಹೆಚ್ಚುಕಡಿಮೆ ಎಲ್ಲವೂ ಸರಿ ಬಂದಿವೆ. ಜನರ ಬಗ್ಗೆ ಬರೆದವು ಅರ್ಧಕ್ಕರ್ಧ. ಗೂಡಿನ ರೇಟಿನ ಬಗ್ಗೆ ಹತ್ತಕ್ಕೆ ಒಂಬತ್ತು ನಂಬಿಕೆಯಿಟ್ಟು ಬರೆದವು ಬಹಳಷ್ಟು ತಪ್ಪಾಗಿವೆ, ಅದನ್ನು ಅವರೇ ಬೆರಳಿಟ್ಟು ತೋರಿಸಿದರು. ಮುಂಗಡದ ವಿಷಯ ವಕೀಲರ ಕೈಯಲ್ಲಿದೆ. ಭಾನುವಾರದ ಕೂಟ ತಪ್ಪದೆ ನಡೆಯುತ್ತಿದೆ, ಆದರೆ ‘ಯಾರು’ ಎಂಬ ಕಡೆ ಈಗಲೂ ಹೆಚ್ಚು ಸಲ ಬರುತ್ತಿರುವುದು ಹೆಂಡತಿಯ ಹೆಸರು. ಮುಂದಿನ ಭೇಟಿಗೆ ಆ ಹಾಳೆಯನ್ನೇ ತರಲು ಹೇಳಿದ್ದೇನೆ.