ಪೆನ್‌ಡ್ರೈವ್ ಬೇರೆ ಕಂಪ್ಯೂಟರಿನಲ್ಲಿ ಬೂಟ್ ಆಗುತ್ತದೆ, ನನ್ನದರಲ್ಲಿ ಆಗುತ್ತಿಲ್ಲ. ಮದರ್‌ಬೋರ್ಡ್ ಹೋಗಿದೆಯಾ?

ನೀವು ಬರೆದದ್ದರಲ್ಲಿ ನನಗೆ ಅರ್ಥವಾದದ್ದು ಇಷ್ಟು. ಮನೆ ಮೂಡಿಗೆರೆ ಕಡೆ. 4ನೇ ಜನರೇಶನ್ ಐ3 ಇರುವ ಹಳೇ ಡೆಸ್ಕ್‌ಟಾಪ್, ಅದರಲ್ಲಿ ವಿಂಡೋಸ್ 10. ಅದನ್ನು ಉಳಿಸಿಕೊಂಡೇ ಲಿನಕ್ಸ್ ಮಿಂಟ್ (ವಿಂಡೋಸ್ ಥರದ್ದೇ ಉಚಿತ ಆಪರೇಟಿಂಗ್ ಸಿಸ್ಟಮ್) ಹಾಕೋಣ ಅಂತ ರೂಫಸ್ ಅನ್ನುವ ಪ್ರೋಗ್ರಾಮಿನಲ್ಲಿ ಇನ್‌ಸ್ಟಾಲ್ ಪೆನ್‌ಡ್ರೈವ್ ಮಾಡಿದ್ದೀರಿ. ಅದು ತಂಗಿಯ ಲ್ಯಾಪ್‌ಟಾಪಿನಲ್ಲಿ ಬೂಟ್ ಆಗುತ್ತದೆ, ಅಂದರೆ ಲ್ಯಾಪ್‌ಟಾಪ್ ಅದರಿಂದಲೇ ಶುರುವಾಗುತ್ತದೆ. ನಿಮ್ಮದರಲ್ಲಿ ಹಾಕಿದರೆ ಸೀದಾ ವಿಂಡೋಸ್‌ಗೇ ಹೋಗುತ್ತದೆ. ಬಯೋಸ್‌ನಲ್ಲಿ (ಆನ್ ಮಾಡಿದ ಕೂಡಲೇ ಬೋರ್ಡ್ ಓಡಿಸುವ ಪ್ರೋಗ್ರಾಂ) ಯುಇಎಫ್‌ಐ ಅನ್ನುವ ಹೊಸ ಥರದ ಬೂಟ್ ವಿಧಾನ ಆನ್ ಮಾಡಿದಾಗ ಒಂದು ಸಲ ಮಿಂಟ್ ಬಂತು. ಸಂಜೆ ಗುಡುಗು ಶುರುವಾಯಿತು ಅಂತ ಪ್ಲಗ್ ಕಿತ್ತಿಟ್ಟಿರಿ. ಬೆಳಗ್ಗೆ ನೋಡಿದರೆ ಮತ್ತೆ ಅದೇ ಕಥೆ. ಅಂಗಡಿಯವರು ಬೋರ್ಡೇ ಹೋಗಿದೆ, ಬದಲಾಯಿಸಬೇಕು ಎಂದಿದ್ದಾರೆ.

ಬೋರ್ಡ್ ಹೋಗಿರುವ ಲಕ್ಷಣ ಇದರಲ್ಲಿ ಒಂದೂ ಕಾಣುತ್ತಿಲ್ಲ. ದಯವಿಟ್ಟು ಅದಕ್ಕೆ ದುಡ್ಡು ಹಾಕಬೇಡಿ. ಗುಡುಗಿನ ವಿಷಯ ಸುಮ್ನೆ ಹೇಳಿದಿರಿ ಅನಿಸುತ್ತದೆ, ಆದರೆ ಉತ್ತರ ಇರುವುದು ಅಲ್ಲೇ.

ನಾನು ಹಾಸನದಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತೇನೆ. ಸಕಲೇಶಪುರ, ಮೂಡಿಗೆರೆ ಕಡೆಯಿಂದ ಬರುವ ಹಳೇ ಡೆಸ್ಕ್‌ಟಾಪ್‌ಗಳಲ್ಲಿ ಇದನ್ನು ತುಂಬಾ ಸಲ ನೋಡಿದ್ದೇನೆ. ಬಯೋಸ್‌ನಲ್ಲಿ ನೀವು ಮಾಡುವ ಬದಲಾವಣೆಗಳು ಪ್ಲಗ್‌ನಲ್ಲಿ ಕರೆಂಟ್ ಇರುವ ತನಕ ಹೇಗೋ ಉಳಿಯುತ್ತವೆ. ಕಂಪ್ಯೂಟರ್ ಆಫ್ ಇದ್ದರೂ ಎಸ್‌ಎಂಪಿಎಸ್ (ಕ್ಯಾಬಿನೆಟ್ ಒಳಗಿನ ಪವರ್ ಸಪ್ಲೈ ಡಬ್ಬಿ) ಬೋರ್ಡಿಗೆ ಸ್ವಲ್ಪ ಕರೆಂಟ್ ಕೊಡುತ್ತಲೇ ಇರುತ್ತದೆ. ಪ್ಲಗ್ ಕಿತ್ತ ಮೇಲೆ ಅವನ್ನು ಕಾಯುವುದು ಬೋರ್ಡಿನ ಮೇಲಿರುವ ನಾಣ್ಯದಂಥ ಸೆಲ್ ಒಂದೇ. ಅದರ ಹೆಸರು ಸಿಆರ್2032. ನಿಮ್ಮದು 4ನೇ ಜನರೇಶನ್ ಅಂದರೆ 2013-14ರ ಸುಮಾರಿನ ಬೋರ್ಡ್. ಸೆಲ್ ಅವತ್ತಿನದೇ ಇದ್ದರೆ ಸತ್ತಿರುವುದರಲ್ಲಿ ಆಶ್ಚರ್ಯ ಇಲ್ಲ. ಪೇಟೆಯಲ್ಲಿ ಪ್ಲಗ್ ಯಾರೂ ಕೀಳುವುದಿಲ್ಲ, ಹಾಗಾಗಿ ಸೆಲ್ ಸತ್ತಿದ್ದರೂ ವರ್ಷಗಟ್ಟಲೆ ಗೊತ್ತಾಗುವುದಿಲ್ಲ. ನಮ್ಮ ಮಲೆನಾಡಿನಲ್ಲಿ ಏಪ್ರಿಲ್-ಮೇ ಬಂತೆಂದರೆ ದಿನಾ ಸಂಜೆ ಕೀಳುತ್ತೇವೆ. ಆಮೇಲೆ ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದು ಕರೆಂಟೇ ಇರುವುದಿಲ್ಲ. ಪ್ರತಿ ಸಲವೂ ಬಯೋಸ್ ಮರೆತು ಕಂಪನಿಯಿಂದ ಬಂದ ಸೆಟ್ಟಿಂಗ್‌ಗೆ ವಾಪಸ್ ಹೋಗುತ್ತದೆ. ಪ್ಲಗ್ ಕೀಳುವುದನ್ನು ಮಾತ್ರ ಬಿಡಬೇಡಿ. ಸಿಡಿಲಿಗೆ ಸುಟ್ಟ ಬೋರ್ಡ್‌ಗಳನ್ನು ಬೇಕಾದಷ್ಟು ನೋಡಿದ್ದೇನೆ. ಇಂಟರ್‌ನೆಟ್ ವೈರನ್ನೂ ಜೊತೆಗೇ ಕೀಳಿ.

ನಾನು ಹೇಳಿದ್ದು ಹೌದೋ ಅಲ್ಲವೋ ಅಂತ ನೀವೇ ನೋಡಬಹುದು. ರಾತ್ರಿ ಪ್ಲಗ್ ಕಿತ್ತಿಡಿ. ಬೆಳಗ್ಗೆ ಹಾಕಿ, ಆನ್ ಮಾಡಿದ ತಕ್ಷಣ ಡಿಲೀಟ್ ಕೀ ಒತ್ತುತ್ತಾ ಬಯೋಸ್‌ಗೆ ಹೋಗಿ. ಅಲ್ಲಿನ ತಾರೀಕು ನೋಡಿ. ಹತ್ತು ವರ್ಷ ಹಿಂದಿನ ಜನವರಿ 1 ತೋರಿಸಿದರೆ ಸೆಲ್ ಮುಗಿದಿದೆ. ವಿಂಡೋಸ್ ಒಳಗಿನ ಗಡಿಯಾರ ನೋಡಿ ತೀರ್ಮಾನ ಮಾಡಬೇಡಿ. ಇಂಟರ್‌ನೆಟ್ ಸಿಕ್ಕಿದ ಕೂಡಲೇ ಅದು ಸಮಯವನ್ನು ತಾನೇ ಸರಿಮಾಡಿಕೊಂಡಿರುತ್ತದೆ. ಮಲ್ಟಿಮೀಟರ್ ಇದ್ದರೆ ಸೆಲ್ ತೆಗೆದು ಅಳೆಯಿರಿ. ಹೊಸದರಲ್ಲಿ 3 ವೋಲ್ಟ್ ಅಥವಾ ಸ್ವಲ್ಪ ಮೇಲೆ ಇರುತ್ತದೆ. 2.5ಕ್ಕೆ ಇಳಿದಿದ್ದರೆ ಬಿಸಾಡಿ.

ಬದಲಾಯಿಸುವುದು ಕಷ್ಟ ಅಲ್ಲ. ಕೆಲವು ಕಾರ್ ಕೀಗಳಿಗೂ ಇದೇ ಸೆಲ್, ವಾಚ್ ಅಂಗಡಿಯಲ್ಲೇ ಸಿಗುತ್ತದೆ. ಆದರೆ ಅದಕ್ಕೆ ಮುಂಚೆ ಬಯೋಸ್‌ನ ಪೇಜುಗಳನ್ನೆಲ್ಲ ಮೊಬೈಲಿನಲ್ಲಿ ಫೋಟೋ ಹೊಡೆದಿಟ್ಟುಕೊಳ್ಳಿ. ಮುಖ್ಯವಾಗಿ ಸಾಟಾ ಮೋಡ್ (ಬೋರ್ಡ್ ಹಾರ್ಡ್ ಡಿಸ್ಕ್ ಜೊತೆ ಮಾತಾಡುವ ರೀತಿ) ಎಎಚ್‌ಸಿಐ ಅಂತ ಇದೆಯಾ, ಐಡಿಇ ಅಂತ ಇದೆಯಾ ನೋಡಿ. ಅದು ಬದಲಾಗಿಬಿಟ್ಟರೆ ವಿಂಡೋಸ್ ನೀಲಿ ಸ್ಕ್ರೀನ್ ಕೊಟ್ಟು ನಿಲ್ಲಬಹುದು, ಜನ ಹಾರ್ಡ್ ಡಿಸ್ಕ್ ಹೋಯಿತು ಅಂತ ಗಾಬರಿಯಾಗುತ್ತಾರೆ. ಆಮೇಲೆ ಪ್ಲಗ್ ಕಿತ್ತು, ಪವರ್ ಬಟನ್ ಒಂದು ಸಲ ಒತ್ತಿ ಒಳಗೆ ಉಳಿದ ಕರೆಂಟ್ ಕಳೆಯಿರಿ. ಮೈಮೇಲಿನ ಸ್ಟ್ಯಾಟಿಕ್ ಕರೆಂಟ್ ಇಳಿಯಲಿ ಅಂತ ಕ್ಯಾಬಿನೆಟ್‌ನ ತಗಡು ಮುಟ್ಟಿ. ಸೆಲ್ ಪಕ್ಕದ ಪುಟ್ಟ ಕ್ಲಿಪ್ಪನ್ನು ಉಗುರಿನಿಂದ ಹೊರಗೆ ತಳ್ಳಿದರೆ ಸೆಲ್ ತಾನೇ ಮೇಲೇಳುತ್ತದೆ. ಪ್ಲಸ್ ಗುರುತು ಮೇಲೆ ಬರುವ ಹಾಗೆ ಹೊಸದನ್ನು ಕೂರಿಸಿ. ಆನ್ ಮಾಡಿ, ತಾರೀಕು ಸರಿಮಾಡಿ, ಎಫ್10 ಒತ್ತಿ ಸೇವ್ ಮಾಡಿ.

ಇಷ್ಟಾದ ಮೇಲೆ ಯುಇಎಫ್‌ಐ ಆನ್ ಮಾಡಿ ಮಿಂಟ್ ಹಾಕಿಬಿಡೋಣ ಅಂತ ನಿಮಗೆ ಅನಿಸಬಹುದು. ಸ್ವಲ್ಪ ತಡೆಯಿರಿ. ನಿಮ್ಮ ಸಂದರ್ಭದಲ್ಲಿ ನಾನು ಆ ದಾರಿ ಹೇಳುವುದಿಲ್ಲ.

ಬಯೋಸ್ ಮರೆತ ಮೇಲೂ ನಿಮ್ಮ ವಿಂಡೋಸ್ ಆರಾಮಾಗಿ ಬರುತ್ತಿದೆ, ಪೆನ್‌ಡ್ರೈವ್ ಮಾತ್ರ ಕಾಣುತ್ತಿಲ್ಲ. ಅಂದರೆ ಆ ಬೋರ್ಡ್ ತಾನಾಗಿ ನಿಲ್ಲುವುದು ಯುಇಎಫ್‌ಐಗಿಂತ ಹಳೇ ಬೂಟ್ ವಿಧಾನವಾದ ಲೆಗಸಿ ಮೋಡಿನಲ್ಲಿ, ವಿಂಡೋಸ್ ಹಾಕಿರುವುದೂ ಲೆಗಸಿಯಲ್ಲೇ. ಖಾತ್ರಿಗೆ ಸ್ಟಾರ್ಟ್ ಮೆನುವಿನಲ್ಲಿ ಸಿಸ್ಟಮ್ ಇನ್ಫರ್ಮೇಶನ್ ತೆರೆದು ಬಯೋಸ್ ಮೋಡ್ ಅನ್ನುವ ಸಾಲು ನೋಡಿ. ಅಲ್ಲಿ ಲೆಗಸಿ ಎಂದಿದ್ದರೆ ಮಿಂಟನ್ನೂ ಲೆಗಸಿಯಲ್ಲೇ ಹಾಕಿ. ಒಂದೇ ಡಿಸ್ಕಿನಲ್ಲಿ ವಿಂಡೋಸ್ ಒಂದು ಮೋಡು, ಮಿಂಟ್ ಇನ್ನೊಂದು ಮೋಡು ಆದರೆ ಆನ್ ಮಾಡಿದಾಗ ಬರುವ ಗ್ರಬ್ ಮೆನುವಿನಿಂದ ವಿಂಡೋಸ್‌ಗೆ ಹೋಗಲು ಆಗುವುದಿಲ್ಲ. ಪ್ರತಿ ಸಲ ಬಯೋಸ್‌ಗೆ ಹೋಗಿ ಬದಲಿಸಬೇಕು. ಇನ್ನೂ ಒಂದು ಕಾರಣ ಇದೆ. ಯುಇಎಫ್‌ಐನಲ್ಲಿ ಹಾಕಿದಿರಿ ಅಂದುಕೊಳ್ಳಿ. ನಾಲ್ಕೈದು ವರ್ಷಕ್ಕೆ ಈ ಹೊಸ ಸೆಲ್ಲೂ ಸಾಯುತ್ತದೆ. ಅವತ್ತು ಬೋರ್ಡ್ ಲೆಗಸಿಗೆ ಜಾರುತ್ತದೆ, ನಿಮ್ಮ ಮಿಂಟ್ ಏಕಾಏಕಿ ಕಾಣೆಯಾಗುತ್ತದೆ. ಆಗ ಮನೆಯಲ್ಲಿ ನೀವಿರುತ್ತೀರೋ ಇಲ್ಲವೋ. ಅಪ್ಪನೋ ಅಮ್ಮನೋ ಅದನ್ನು ಹೊತ್ತುಕೊಂಡು ಮತ್ತೆ ಯಾವುದಾದರೂ ಅಂಗಡಿಗೆ ಹೋಗುತ್ತಾರೆ. ಮರೆತಾಗ ಬೋರ್ಡ್ ಎಲ್ಲಿಗೆ ಹೋಗಿ ನಿಲ್ಲುತ್ತದೋ ಅಲ್ಲೇ ಕೆಲಸ ಮಾಡುವ ಹಾಗೆ ಸಿಸ್ಟಮ್ ಹಾಕಬೇಕು. ಕರೆಂಟ್ ನಂಬಲಾಗದ ಊರಿನ ಹಳೇ ಮೆಷಿನ್‌ಗಳಿಗೆ ನಾನು ಯಾವಾಗಲೂ ಹೀಗೇ ಮಾಡುವುದು.

ಹಾಗಾದರೆ ಬದಲಾಗಬೇಕಾದ್ದು ಪೆನ್‌ಡ್ರೈವ್. ರೂಫಸ್ ತೆರೆದು ಮಿಂಟ್ ಐಎಸ್ಒ (ನೀವು ಇಳಿಸಿಕೊಂಡ ಇನ್‌ಸ್ಟಾಲ್ ಫೈಲ್) ಆರಿಸಿ. ಪಾರ್ಟಿಶನ್ ಸ್ಕೀಮ್ (ಡಿಸ್ಕನ್ನು ಭಾಗ ಮಾಡುವ ಕ್ರಮ) ಅನ್ನುವ ಕಡೆ ನೀವು ಬಹುಶಃ ಜಿಪಿಟಿ ಇಟ್ಟಿದ್ದಿರಿ. ಆಗ ಪಕ್ಕದಲ್ಲಿ ಟಾರ್ಗೆಟ್ ಸಿಸ್ಟಮ್ ಯುಇಎಫ್‌ಐ ಎಂದು ತೋರಿಸಿರುತ್ತದೆ. ಅಂಥ ಪೆನ್‌ಡ್ರೈವ್ ಲೆಗಸಿಯಲ್ಲಿ ಬೂಟ್ ಆಗುವುದಿಲ್ಲ. ತಂಗಿಯ ಲ್ಯಾಪ್‌ಟಾಪ್ ಹೊಸದು, ಯುಇಎಫ್‌ಐನಲ್ಲೇ ಇರುತ್ತದೆ. ಅಲ್ಲಿ ಬಂದು ಇಲ್ಲಿ ಬಾರದಿರುವುದು ಅದಕ್ಕೇ. ಈಗ ಪಾರ್ಟಿಶನ್ ಸ್ಕೀಮನ್ನು ಎಂಬಿಆರ್ ಮಾಡಿ. ಪಕ್ಕದಲ್ಲಿ ಬಯೋಸ್ ಆರ್ ಯುಇಎಫ್‌ಐ ಅಂತ ಬದಲಾಗುತ್ತದೆ. ಈಗ ಅದು ಎರಡೂ ಥರದ ಮೆಷಿನ್‌ನಲ್ಲಿ ನಡೆಯುತ್ತದೆ. ಸ್ಟಾರ್ಟ್ ಒತ್ತಿದಾಗ ಐಎಸ್ಒ ಮೋಡಾ, ಡಿಡಿ ಮೋಡಾ ಎಂದು ಕೇಳಿದರೆ ಐಎಸ್ಒ ಅನ್ನಿ. ಪೆನ್‌ಡ್ರೈವಿನಲ್ಲಿ ಇರುವುದೆಲ್ಲ ಅಳಿಸಿಹೋಗುತ್ತದೆ, ಫೋಟೋಗೀಟೋ ಇದ್ದರೆ ಮೊದಲೇ ತೆಗೆದಿಡಿ.

ಡೆಸ್ಕ್‌ಟಾಪಿನಲ್ಲಿ ಅದನ್ನು ಹಿಂದುಗಡೆ, ಬೋರ್ಡಿಗೇ ಅಂಟಿರುವ ಯುಎಸ್‌ಬಿಗೆ ಹಾಕಿ. ಮುಂದಿನ ಪೋರ್ಟ್‌ಗಳು ವೈರಿನ ಮೇಲೆ ಬರುತ್ತವೆ, ಹಳೇ ಕ್ಯಾಬಿನೆಟ್‌ಗಳಲ್ಲಿ ಆ ವೈರೇ ಸಡಿಲ ಆಗಿರುತ್ತದೆ. ಆನ್ ಮಾಡಿ ಬೂಟ್ ಮೆನು ಕೀ ಒತ್ತಿ. ಗಿಗಾಬೈಟ್ ಬೋರ್ಡ್ ಆದರೆ ಎಫ್12, ಆಸುಸ್ ಬೋರ್ಡ್ ಆದರೆ ಎಫ್8, ಎಂಎಸ್ಐ ಆದರೆ ಎಫ್11. ಮೆನುವಿನಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಾಣಬಹುದು. ಒಂದರ ಮುಂದೆ ಯುಇಎಫ್‌ಐ ಅಂತ ಇರುತ್ತದೆ, ಇನ್ನೊಂದು ಬರೀ ಹೆಸರು. ಬಹಳ ಜನ ಇಲ್ಲಿ ಕಣ್ಣಿಗೆ ಬಿದ್ದದ್ದನ್ನು ಒತ್ತುತ್ತಾರೆ. ಯಾವುದನ್ನು ಒತ್ತುತ್ತೀರೋ ಮಿಂಟ್ ಆ ಮೋಡಿನಲ್ಲಿ ಹೋಗಿ ಕೂರುತ್ತದೆ. ನಿಮಗೆ ಬೇಕಾದ್ದು ಬರೀ ಹೆಸರಿನದು. ಮಿಂಟ್ ಬಂದ ಮೇಲೆ ಟರ್ಮಿನಲ್ ಬೇಡ, ಫೈಲ್ ಮ್ಯಾನೇಜರಿನಲ್ಲಿ ಸಿಸ್ (sys) ಫೋಲ್ಡರ್, ಅದರೊಳಗೆ ಫರ್ಮ್‌ವೇರ್ (firmware) ಫೋಲ್ಡರ್ ನೋಡಿ. ಇಎಫ್‌ಐ ಅನ್ನುವ ಫೋಲ್ಡರ್ ಅಲ್ಲಿ ಇರದಿದ್ದರೆ ಲೆಗಸಿಯಲ್ಲಿದ್ದೀರಿ, ಮುಂದುವರಿಯಿರಿ.

ಇನ್‌ಸ್ಟಾಲ್ ಒತ್ತುವ ಮುಂಚೆ ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿರಿ. ಅದು ಆನ್ ಇದ್ದರೆ ಶಟ್‌ಡೌನ್ ಕೊಟ್ಟರೂ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ಅರ್ಧ ನಿದ್ದೆಯಲ್ಲಿರುತ್ತದೆ, ಮಿಂಟ್‌ನಿಂದ ಆ ಡ್ರೈವಿಗೆ ಬರೆಯಲು ಆಗುವುದಿಲ್ಲ. ಮಿಂಟ್‌ಗೆ ಬೇಕಾದ ಜಾಗವನ್ನೂ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲೇ ಬಿಡಿಸಿಕೊಳ್ಳಿ. ತೋಟದ ಲೆಕ್ಕ, ನುಡಿಯಲ್ಲಿ ಟೈಪ್ ಮಾಡಿದ ಹಳೇ ಫೈಲ್ ಇದ್ದರೆ ಎಲ್ಲ ಬೇರೆ ಕಡೆ ಕಾಪಿ ಮಾಡಿಡಿ. ಇದೊಂದನ್ನು ನಾಳೆ ಮಾಡೋಣ ಅನ್ನಬೇಡಿ.

ಮಿಂಟ್ ಲೋಗೋ ಬಂದು ಅಲ್ಲೇ ನಿಂತರೆ ಅದು ಬೇರೆ ವಿಷಯ. ಬೂಟ್ ಆಯಿತು, ಒಳಗೆ ಎಡವಿತು ಎಂದರ್ಥ. ಮೊಬೈಲ್ ಡೇಟಾದಲ್ಲಿ ಇಳಿಸಿದ ಐಎಸ್ಒ ಅರ್ಧಂಬರ್ಧ ಬಂದಿರುವುದೇ ಜಾಸ್ತಿ. ರೂಫಸ್‌ನಲ್ಲಿ ಐಎಸ್ಒ ಆರಿಸಿದ ಮೇಲೆ ಪಕ್ಕದ ಟಿಕ್ ಗುರುತಿನ ಬಟನ್ ಒತ್ತಿದರೆ ಎಸ್‌ಎಚ್‌ಎ256 ಅಂಕಿ ಬರುತ್ತದೆ. ಮಿಂಟ್ ಸೈಟಿನಲ್ಲಿ ಕೊಟ್ಟಿರುವುದಕ್ಕೆ ಅದು ಹೊಂದದಿದ್ದರೆ ಮತ್ತೆ ಇಳಿಸಿ. ಐಎಸ್ಒ ಸರಿ ಇದ್ದರೆ ಪೆನ್‌ಡ್ರೈವನ್ನೇ ಬದಲಿಸಿ ನೋಡಿ. ಸಂತೆಯಲ್ಲಿ ಸಿಗುವ ಅಗ್ಗದ 64 ಜಿಬಿಗಳಲ್ಲಿ ಕೆಲವದರ ಒಳಗೆ 8 ಜಿಬಿಯೂ ಇರುವುದಿಲ್ಲ.

ಇದೇ ತೊಂದರೆ ಅಂತ ಹೊಸ ಲ್ಯಾಪ್‌ಟಾಪ್ ಇಟ್ಟುಕೊಂಡು ಇಲ್ಲಿಗೆ ಬಂದವರಿಗೂ ಎರಡು ಮಾತು. ನಿಮ್ಮದರಲ್ಲಿ ಲೆಗಸಿ ಇರುವುದೇ ಅನುಮಾನ, ಅದನ್ನು ಹುಡುಕಬೇಡಿ. ಸೆಕ್ಯೂರ್ ಬೂಟ್ (ಒಪ್ಪಿಗೆಯ ಸಹಿ ಇಲ್ಲದ ಸಿಸ್ಟಮ್ ಬೂಟ್ ಆಗಲು ಬಿಡದ ಕಾವಲು) ತಡೆಯುತ್ತಿದ್ದರೆ ಸ್ಕ್ರೀನ್ ಮೇಲೆ ಹಾಗಂತಲೇ ಸಾಮಾನ್ಯವಾಗಿ ಬರುತ್ತದೆ. ಮಿಂಟ್, ಉಬುಂಟು ಎರಡಕ್ಕೂ ಅದರ ಜೊತೆ ನಡೆಯುವ ಸಹಿ ಇದೆ, ಹಾಗಾಗಿ ಆಫ್ ಮಾಡುವುದು ಕೊನೆಯ ಉಪಾಯ ಆಗಿರಲಿ. ಆಫ್ ಮಾಡುವ ಮೊದಲು ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಶನ್ (ಡಿಸ್ಕಿಗೆ ಬೀಗ ಹಾಕುವ ಸೌಲಭ್ಯ) ಆನ್ ಇದೆಯಾ ನೋಡಲೇಬೇಕು. ವಿಂಡೋಸ್ 11ರ ಲ್ಯಾಪ್‌ಟಾಪ್‌ಗಳಲ್ಲಿ ಅದು ನಿಮಗೆ ತಿಳಿಯದೆಯೇ ಆನ್ ಆಗಿರಬಹುದು. ಆಗ ಸೆಕ್ಯೂರ್ ಬೂಟ್ ಮುಟ್ಟಿದರೆ ಮುಂದಿನ ಸಲ 48 ಅಂಕಿಯ ರಿಕವರಿ ಕೀ ಕೇಳಬಹುದು. ಅದು ಇಲ್ಲದಿದ್ದರೆ ಡಿಸ್ಕಿನಲ್ಲಿರುವುದು ಯಾರಿಂದಲೂ ತೆಗೆಯಲಾಗುವುದಿಲ್ಲ, ನನ್ನ ಕೈಲೂ ಆಗುವುದಿಲ್ಲ. ಮಕ್ಕಳ ಫೋಟೋ ಹೋಯಿತು ಅಂತ ಕಣ್ಣೀರು ಹಾಕಿದವರಿಗೆ ಏನೂ ಮಾಡಲಾಗದೆ ನಿಂತಿದ್ದೇನೆ. ಮೈಕ್ರೋಸಾಫ್ಟ್ ಅಕೌಂಟಿಗೆ ಲಾಗಿನ್ ಆಗಿ ಆ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು ಆಮೇಲೆ ಬಯೋಸ್‌ಗೆ ಕೈ ಹಾಕಿ.

ಮೂಡಿಗೆರೆಯವರೇ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ನಿಮ್ಮ ಪ್ರಾಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿ ಇಲ್ಲ. ಆದರೂ ಮೆಷಿನ್ ಗುಜರಿಗೆ ಹಾಕುವಂಥದ್ದಲ್ಲ. 8 ಜಿಬಿ ರ‍್ಯಾಮ್, ಒಂದು ಎಸ್‌ಎಸ್‌ಡಿ ಇದ್ದರೆ ಮಿಂಟ್ ಅದರಲ್ಲಿ ಚೆನ್ನಾಗಿ ಓಡುತ್ತದೆ. ಮೊದಲು ತಾರೀಕು ನೋಡಿ, ಸೆಲ್ ಹಾಕಿ, ಪೆನ್‌ಡ್ರೈವ್ ಎಂಬಿಆರ್‌ನಲ್ಲಿ ಮಾಡಿ. ಆಮೇಲೂ ಬರದಿದ್ದರೆ ಬೂಟ್ ಮೆನುವಿನ ಫೋಟೋ, ಬೋರ್ಡಿನ ಮೇಲೆ ಅಚ್ಚಾಗಿರುವ ಮಾಡೆಲ್ ನಂಬರ್ ಎರಡನ್ನೂ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.