ಲಾಲ್‌ಬಾಗ್ ಪಕ್ಷಿ ನಡಿಗೆ: ಬೈನಾಕ್ಯುಲರ್ ಮಸುಕಾದರೆ
ಕನ್ನಡಕ ಹಾಕುವ ನಿಮ್ಮ ತಾಯಿಗೆ ನಡಿಗೆಯಲ್ಲಿ ಬರೀ ಕಪ್ಪು ಅಂಚು, ಮಸುಕು ಕಾಣ್ತಿದೆ ಅಂದಿರಿ. ಬಹುಶಃ ಬೈನಾಕ್ಯುಲರ್ ಅವರ ಕಣ್ಣಿಗೆ ಹೊಂದಿಸಿಲ್ಲ. ಕನ್ನಡಕ ಇರಲಿ. ಕಣ್ಣಿಡುವ ಕಡೆಯ ರಬ್ಬರ್ ಬಟ್ಟಲನ್ನು ಪೂರ್ತಿ ಒಳಕ್ಕೆ ತಿರುಗಿಸಿ. ಹಳೇ ಮಾದರಿಯಾದರೆ ಹೊರಕ್ಕೆ ಮಡಚಿ. ಎರಡೂ ಕೊಳವೆ ಸರಿಸಿ ಒಂದೇ ವೃತ್ತ ಕಾಣುವಂತೆ ಮಾಡಿ.

ಮುಖ್ಯವಾದದ್ದು ಮುಂದಿನದು. ದೂರದ ಬೋರ್ಡ್ ನೋಡುತ್ತಾ, ಬಲಗಡೆ ಲೆನ್ಸ್ ಅಂಗೈಯಿಂದ ಮುಚ್ಚಿ, ನಡುವಿನ ಚಕ್ರ ತಿರುಗಿಸಿ ಅಕ್ಷರ ಸ್ಪಷ್ಟ ಮಾಡಿಕೊಳ್ಳಲಿ. ಆಮೇಲೆ ಎಡಗಡೆ ಮುಚ್ಚಿ, ಬಲಗಣ್ಣಿನ ಹತ್ತಿರದ ಉಂಗುರವನ್ನಷ್ಟೇ ತಿರುಗಿಸಲಿ. ಮತ್ತೆ ಅದನ್ನು ಮುಟ್ಟುವುದು ಬೇಡ, ಇನ್ನು ಚಕ್ರ ಸಾಕು.

ಮೊದಲು ಕೆರೆಯ ನೀರುಕಾಗೆ ನೋಡಲಿ. ರೆಕ್ಕೆ ಬಿಚ್ಚಿ ಒಣಗಿಸುತ್ತಾ ಒಂದೇ ಕಡೆ ಕೂತಿರುತ್ತದೆ, ಅಭ್ಯಾಸಕ್ಕೆ ಸುಲಭ. ಇಷ್ಟಾದರೂ ಎರಡೆರಡಾಗಿ ಕಂಡರೆ ಒಳಗಿನ ಗಾಜು ಜರುಗಿರಬಹುದು, ರಿಪೇರಿಗೆ ಕೊಡಿ.